ಐರಿಷ್ ಕವಿಯ ಗದರಿಕೆ, ಕುಪ್ಪಳಿಯ ಹಾಡು

ಆಗುಂಬೆಗೆ ಬಂದವರು ಮಳೆಯಿಲ್ಲದ ಸಂಜೆಯಾದರೆ ಸೂರ್ಯಾಸ್ತ ನೋಡುತ್ತಾರೆ, ಜೊತೆಗೆ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ದೊಡ್ಡಮನೆ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೂ ಹೋಗುವಷ್ಟು ಪುರುಸೊತ್ತಿದ್ದವರಿಗೆ ಕುವೆಂಪು ಬೆಳೆದ ತೊಟ್ಟಿಮನೆ ಸಿಗುತ್ತದೆ. ಈಗದು ಕವಿಮನೆ, ವಸ್ತುಸಂಗ್ರಹಾಲಯ. ಮಹಾಕವಿ, ಕಾದಂಬರಿಕಾರ ಎಂದು ಅಲ್ಲಿ ಕೈಮುಗಿದು ಬರುತ್ತೇವೆ. ನನಗೆ ಅವರು ಮೊದಲು ಹಾಡು ಕೊಟ್ಟವರು. ಆ ಹಾಡಿನ ಹಿಂದೆ ಒಬ್ಬ ಐರಿಷ್ ಕವಿ ಇದ್ದಾನೆ.

ಮಲೆನಾಡಿನಿಂದ ಮೈಸೂರಿಗೆ ಓದಲು ಹೋದ ಹುಡುಗ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಟ್ಟ ಸಂಕಲನವೂ ಬಂದಿತ್ತು. 1924ರಲ್ಲಿ ಬೆಲ್‌ಫಾಸ್ಟ್ ಮೂಲದ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ಹೊಗಳಿಸಿಕೊಳ್ಳುವ ಆಸೆಯಿಂದ ಹಸ್ತಪ್ರತಿ ಹಿಡಿದು ಹೋದರು. ಕಸಿನ್ಸ್ ಹಾಳೆ ಮಗುಚಿದರು, ಖಾದಿ ತೊಟ್ಟ ಹುಡುಗನನ್ನು ನೋಡಿದರು. ಮೈಮೇಲಿನದೆಲ್ಲ ಸ್ವದೇಶಿ, ಕವಿತೆ ಮಾತ್ರ ಯಾಕೆ ಹೀಗೆ ಎಂದು ಕೇಳಿಬಿಟ್ಟರು. ಕನ್ನಡದಲ್ಲಿ ಹೊಸ ಭಾವಕ್ಕೆ ತಕ್ಕ ಛಂದಸ್ಸಿಲ್ಲವೆಂದು ಹುಡುಗ ವಾದಿಸಿದ. ಟಾಗೋರರು ಬಂಗಾಳಿಯಲ್ಲಿ ಮಾಡಿದ್ದನ್ನು ನೀನು ನಿನ್ನ ನುಡಿಯಲ್ಲಿ ಮಾಡು ಎಂಬರ್ಥದ ಉತ್ತರ ಬಂತು. ಸಿಟ್ಟು ಬಂದರೂ ಮಾತು ನಾಟಿತು. ಹೊಸ ಲಯಗಳನ್ನು ಬಿಎಂಶ್ರೀ ತೋರಿಸಿಕೊಟ್ಟರು. ಕುಪ್ಪಳಿಯ ಮನೆಯ ಹಿಂದಿನ ಕವಿಶೈಲದ ಬಂಡೆಯಲ್ಲಿ ಬಿಎಂಶ್ರೀ, ಗುರು ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಮೂವರ ಕೈಬರಹ ಕಲ್ಲಿನಲ್ಲೇ ಇದೆ.

ಆಮೇಲೆ ಬಂದ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಕಥೆ ಬ್ರೌನಿಂಗ್‌ನದು. ಆದರೆ ಜರ್ಮನಿಯ ಊರು ತುಂಗೆಯ ದಡಕ್ಕೆ ಬಂದಿತು, ಕೊಳಲಿನ ಜಾಗದಲ್ಲಿ ಜೋಗಿಯ ಕಿಂದರಿ ಕೂತಿತು. ಇಲಿಗಳು ಹಿಂಡುಹಿಂಡಾಗಿ ಓಡುವ ಆ ಕುಣಿತದ ಲಯವನ್ನು ಕನ್ನಡದ ಮಕ್ಕಳು ಬಾಯಿಪಾಠ ಮಾಡಿಕೊಂಡೇ ಬೆಳೆದರು. 'ದೋಣಿ ಸಾಗಲಿ' 1965ರಲ್ಲಿ 'ಮಿಸ್ ಲೀಲಾವತಿ' ಚಿತ್ರಕ್ಕೆ ಹೋಯಿತು. 1983ರ 'ಕಾಮನಬಿಲ್ಲು' ಚಿತ್ರದಲ್ಲಿ ರಾಜ್‌ಕುಮಾರ್ ನೇಗಿಲು ಹಿಡಿದಾಗ, ನೇಗಿಲಯೋಗಿಯ ಹಾಡನ್ನು ಹಾಡಿದ್ದು ಸಿ. ಅಶ್ವತ್ಥ್. ಬರೆದವರು ಯಾರೆಂದು ಕೇಳದೆಯೇ ಜನ ಗುನುಗಿದರು. ಕವಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ? ಜ್ಞಾನಪೀಠದ ಮಾತು ಬೇರೆ ಬಿಡಿ.

ಕಸಿನ್ಸ್ ದಂಪತಿಯ ಋಣ ಇನ್ನೂ ಒಂದಿದೆ. 1919ರಲ್ಲಿ ಟಾಗೋರರು ಮದನಪಲ್ಲಿಯಲ್ಲಿ ತಂಗಿದ್ದಾಗ 'ಜನಗಣಮನ'ದ ಧಾಟಿಯನ್ನು ಸ್ವರಲಿಪಿಗೆ ಇಳಿಸಿದವರು ಜೇಮ್ಸರ ಪತ್ನಿ ಮಾರ್ಗರೆಟ್. ರಾಷ್ಟ್ರಗೀತೆಯ ಧಾಟಿಗೆ ಹೆಂಡತಿ, ನಾಡಗೀತೆಯ ಕವಿಗೆ ಗಂಡ!

ಕುವೆಂಪು ಗೀತೆ 2004ರಲ್ಲಿ ನಾಡಗೀತೆಯಾಯಿತೇನೋ ಸರಿ, ಧಾಟಿಯ ಜಗಳ ಮಾತ್ರ ಉಳಿಯಿತು. ಮೈಸೂರು ಅನಂತಸ್ವಾಮಿಯವರದೋ ಅಶ್ವತ್ಥರದೋ, ಎಷ್ಟು ಚರಣ, ಎಷ್ಟು ಹೊತ್ತು? ಸಭೆಗಳಲ್ಲಿ ಹಿರಿಯರು ನಿಂತು ನಿಂತು ಕಾಲು ಬದಲಿಸುತ್ತಿದ್ದದ್ದೂ ನಿಜ. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಮಾಡಿ, ಎರಡೂವರೆ ನಿಮಿಷದಲ್ಲಿ ಮುಗಿಸಬೇಕೆಂದು ಆದೇಶ ಹೊರಡಿಸಿತು. ಅದೂ ಹೈಕೋರ್ಟಿನ ಮೆಟ್ಟಿಲು ಹತ್ತಿ ಬಂತು.