ಗೆರೆಯೊಳಗಿನ ಬಣ್ಣ, ಗೆರೆಯಾಚೆಯ ಕಲ್ಪನೆ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದತ್ತ ಹೊರಟರೆ ನಡುವೆ ಸಿಗುವ ಊರು ಕೆಂಗಲ್. ಆಂಜನೇಯನ ಗುಡಿಗೂ ದನಗಳ ಜಾತ್ರೆಗೂ ಹೆಸರಾದ ಈ ಊರಿನ ಹೆಸರಿನಲ್ಲೇ ಬಣ್ಣವಿದೆ. ಕೆಂಪು ಮತ್ತು ಕಲ್ಲು ಸೇರಿದರೆ ಕೆಂಗಲ್ಲು. ಕೆಂದಾವರೆ, ಕೆಂದುಟಿಗಳಂತೆ ವಿದ್ಯಾರ್ಥಿಗಳು ಬಿಡಿಸಿ ಓದಬಹುದಾದ ಪದ. ಊರಿನ ಒಂದು ಬದಿಗೆ ತೊಗಲುಗೊಂಬೆಗಳನ್ನು ಕಾಪಿಟ್ಟಿರುವ ಜಾನಪದ ಲೋಕ. ಇನ್ನೊಂದು ಬದಿಗೆ ಮರದ ಆಟಿಕೆಗಳ ಚನ್ನಪಟ್ಟಣ. ಇಷ್ಟು ಬಣ್ಣಗಳ ನಡುವೆ ಬೆಳೆಯುವ ಮಕ್ಕಳಿಗೂ, ಎಲ್ಲ ಊರಿನ ಮಕ್ಕಳಂತೆಯೇ, ಪ್ರಿಯರಾದವರು ಮಿಕ್ಕಿ ಮೌಸ್, ಡೋರೇಮಾನ್ ಮತ್ತು ಛೋಟಾ ಭೀಮ್.

ಇದರಲ್ಲಿ ತಪ್ಪೇನೂ ಇಲ್ಲ. ಹಿಂದೆ ಬಣ್ಣ ತುಂಬುವ ಪುಸ್ತಕವನ್ನು ಪೇಟೆಯಿಂದ ಕೊಂಡು ತರಬೇಕಿತ್ತು. ಈಗ ಬೇಕಾದ ಕಾರ್ಟೂನ್ ಪಾತ್ರದ ಬರಿಗೆರೆಯ ಚಿತ್ರವನ್ನು ಮೊಬೈಲ್‌ನಲ್ಲಿ ಹುಡುಕಿ, ಜೆರಾಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಮುದ್ರಿಸಿಕೊಳ್ಳಬಹುದು. ರಜೆಯ ಮಧ್ಯಾಹ್ನ ಮಗು ಒಂದು ಗಂಟೆ ಸುಮ್ಮನೆ ಕೂತರೆ ಮನೆಯವರಿಗೂ ನೆಮ್ಮದಿ. ಆದರೆ ಆ ಒಂದು ಗಂಟೆಯಲ್ಲಿ ಮಗು ಏನನ್ನು ಕಲಿಯಿತು, ಏನನ್ನು ಮರೆಯಿತು ಎಂಬುದನ್ನು ಪೋಷಕರು ಯೋಚಿಸುವುದು ಒಳ್ಳೆಯದು.

ಲಾಭವೂ ಉಂಟು, ನಷ್ಟವೂ ಉಂಟು

ಬಣ್ಣ ತುಂಬುವುದರಿಂದ ಪುಟ್ಟ ಬೆರಳುಗಳಿಗೆ ಹಿಡಿತ ಬರುತ್ತದೆ. ಕಣ್ಣು ಮತ್ತು ಕೈ ಹೊಂದಿಕೊಂಡು ಕೆಲಸ ಮಾಡಲು ಕಲಿಯುತ್ತವೆ. ಹಿಡಿದ ಕೆಲಸವನ್ನು ಮುಗಿಸುವ ತಾಳ್ಮೆ ಬೆಳೆಯುತ್ತದೆ. ಅಕ್ಷರ ತಿದ್ದುವ ಮಗುವಿಗೆ ಇವೆಲ್ಲ ಬೇಕಾದವೇ.

ನಷ್ಟದ ಮಾತನ್ನು ಬಹಳ ಹಿಂದೆಯೇ ಎತ್ತಿದವರು ವಿಕ್ಟರ್ ಲೋವೆನ್‌ಫೆಲ್ಡ್. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಾಶಿಕ್ಷಣವನ್ನು ಬೋಧಿಸಿದ ಇವರು ಮಕ್ಕಳ ಚಿತ್ರಕಲೆಯ ಬೆಳವಣಿಗೆ ಕುರಿತು 1947ರಲ್ಲಿ ಬರೆದ ಪುಸ್ತಕ ಇಂದಿಗೂ ಪ್ರಸಿದ್ಧ. ಮಗುವೊಂದು ತನಗೆ ತೋಚಿದಂತೆ ಹಕ್ಕಿಗಳನ್ನು ಬರೆಯುತ್ತದೆ. ಬಳಿಕ ಅದೇ ಮಗುವಿನ ಕೈಗೆ ಅಚ್ಚಿನ ಹಕ್ಕಿಯ ಚಿತ್ರ ಕೊಟ್ಟು ಬಣ್ಣ ತುಂಬಿಸಲಾಗುತ್ತದೆ. ಮತ್ತೆ ಹಕ್ಕಿ ಬರೆ ಎಂದಾಗ ಮೊದಲಿನ ಹಕ್ಕಿ ಮಾಯವಾಗಿ, ಅಚ್ಚಿನ ಹಕ್ಕಿಯ ನಕಲೇ ಕಾಗದದ ಮೇಲೆ ಕೂತಿರುತ್ತದೆ. ಸಿದ್ಧಗೆರೆಗೆ ಒಗ್ಗಿದ ಮಗು ‘ನನಗೆ ಬರೆಯಲು ಬರುವುದಿಲ್ಲ’ ಎಂದು ಕೈಚೆಲ್ಲುತ್ತದೆ ಎಂಬುದು ಅವರ ಆತಂಕವಾಗಿತ್ತು.

ಹಾಗೆಂದು ಮಗುವಿನ ಕೈಯಿಂದ ಛೋಟಾ ಭೀಮನನ್ನು ಕಿತ್ತುಕೊಳ್ಳಬೇಕಾಗಿಲ್ಲ. ಅಚ್ಚಿನ ಹಾಳೆಯನ್ನು ಕೆಲಸದ ಕೊನೆ ಎಂದು ತಿಳಿಯದೆ ಮೊದಲು ಎಂದು ತಿಳಿದರೆ ಸಾಕು. ಬಣ್ಣ ತುಂಬಿ ಮುಗಿದ ಮೇಲೆ ನಿಜವಾದ ಆಟ ಶುರುವಾಗಬೇಕು.

ನಾಯಕನನ್ನು ನಮ್ಮೂರಿಗೆ ಕರೆಸಿ

ಕಾರ್ಟೂನ್ ಪಾತ್ರದ ಹಾಳೆಗಳಲ್ಲಿ ಸಾಮಾನ್ಯವಾಗಿ ಪಾತ್ರವೊಂದೇ ಇರುತ್ತದೆ. ಸುತ್ತ ಖಾಲಿ ಜಾಗ. ಆ ಖಾಲಿ ಜಾಗವೇ ಮಗುವಿನ ಪಾಲಿನ ಆಸ್ತಿ. ಪಾತ್ರಕ್ಕೆ ಬಣ್ಣ ತುಂಬಿ, ಕತ್ತರಿಸಿ, ದೊಡ್ಡ ಬಿಳಿ ಹಾಳೆಯ ಮೇಲೆ ಅಂಟಿಸಲಿ. ‘ಇವನು ನಮ್ಮೂರಿಗೆ ಬಂದಿದ್ದಾನೆ, ಎಲ್ಲಿಗೆ ಕರೆದುಕೊಂಡು ಹೋಗುತ್ತೀಯ?’ ಎಂದು ಕೇಳಿ. ರಾಮನಗರದ ಮಗು ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬರೆಯಬಹುದು. ಹಿಪ್ಪುನೇರಳೆ ತೋಟ, ಕೆಂಗಲ್ ಜಾತ್ರೆಯ ಎತ್ತುಗಳು, ರಣಹದ್ದುಗಳು ನೆಲೆಸಿರುವ ರಾಮದೇವರ ಬೆಟ್ಟದ ಬಂಡೆಗಳು – ಇವಾವುದಕ್ಕೂ ಅಚ್ಚಿನ ಗೆರೆ ಸಿಗುವುದಿಲ್ಲ. ಮಗು ತಾನೇ ನೋಡಿ, ನೆನೆದು ಬರೆಯಬೇಕು. ಎತ್ತಿನ ಕೊಂಬು ಸೊಟ್ಟಗಾದರೂ ಚಿಂತೆಯಿಲ್ಲ. ಅದು ಮಗುವಿನದೇ ಕೊಂಬು.

ಒಂದೇ ಪಾತ್ರದ ನಾಲ್ಕು ಪ್ರತಿ ತೆಗೆಸಿ, ನಾಲ್ಕು ಚೌಕಗಳಲ್ಲಿ ಅಂಟಿಸಿ, ತಲೆಯ ಮೇಲೆ ಮಾತಿನ ಗುಳ್ಳೆ ಬರೆದರೆ ಚಿತ್ರಕಥೆ ಸಿದ್ಧ. ಗುಳ್ಳೆಯೊಳಗಿನ ಮಾತು ಮನೆಯಲ್ಲಿ ಆಡುವ ಕನ್ನಡದಲ್ಲೇ ಇರಲಿ. ಪ್ರಬಂಧ ಬರೆ ಎಂದರೆ ಮುಖ ಸಿಂಡರಿಸುವ ಮಕ್ಕಳು ಇಲ್ಲಿ ತಾವಾಗಿಯೇ ಬರೆಯುತ್ತಾರೆ.

ನಮ್ಮದೇ ಕಾರ್ಟೂನ್: ಕಿಳ್ಳೇಕ್ಯಾತ

ಜಾನಪದ ಲೋಕವನ್ನು 1994ರಲ್ಲಿ ಕಟ್ಟಿದವರು ಎಚ್.ಎಲ್. ನಾಗೇಗೌಡರು. ಅಲ್ಲಿನ ತೊಗಲುಗೊಂಬೆಗಳನ್ನು ಕಂಡ ಮಕ್ಕಳಿಗೆ ಒಂದು ವಿಷಯ ಹೊಳೆಯಬೇಕು. ಪರದೆಯ ಮೇಲೆ ಚಿತ್ರಗಳು ಕುಣಿಯುವ ಆಟ ದೂರದರ್ಶನಕ್ಕಿಂತ ಎಷ್ಟೋ ಹಳೆಯದು. ಹದ ಮಾಡಿದ ತೊಗಲಿನ ಮೇಲೆ ಗೆರೆ ಎಳೆದು, ಒಡವೆ ಇರುವೆಡೆ ಸಣ್ಣ ತೂತು ಕೊರೆದು, ಬಣ್ಣ ಹಚ್ಚಿ, ಬಿಳಿ ಪರದೆಯ ಹಿಂದಿನಿಂದ ಬೆಳಕು ಬಿಟ್ಟರೆ ರಾಮನೂ ರಾವಣನೂ ಜೀವ ತಳೆಯುತ್ತಾರೆ. ಅವರ ನಡುವೆ ನುಗ್ಗಿ ನಗಿಸುವವನು ಕಿಳ್ಳೇಕ್ಯಾತ; ಜೊತೆಗೆ ಅವನ ಹೆಂಡತಿ ಬಂಗಾರಕ್ಕ. ಉಬ್ಬಿಸಿದ ಅಂಗಾಂಗ, ವಿಚಿತ್ರ ಮುಖ, ತುಂಟ ಮಾತು – ಕಾರ್ಟೂನ್ ಪಾತ್ರಕ್ಕೆ ಬೇಕಾದ ಎಲ್ಲ ಲಕ್ಷಣವೂ ಅವನಲ್ಲಿದೆ.

ಮನೆಯಲ್ಲಿ ಇದನ್ನು ಹೀಗೆ ಮಾಡಬಹುದು. ಬಣ್ಣ ತುಂಬಿದ ಹಾಳೆಯ ಹಿಂಬದಿಗೆ ಹತ್ತಿಯಿಂದ ತುಸು ಕೊಬ್ಬರಿ ಎಣ್ಣೆ ಸವರಿ, ಹಳೆಯ ಪತ್ರಿಕೆಗಳ ನಡುವೆ ಒತ್ತಿಡಿ. ಹೆಚ್ಚಿನ ಎಣ್ಣೆ ಇಂಗಿದಾಗ ಕಾಗದದ ಮೂಲಕ ಬೆಳಕು ಹಾಯುತ್ತದೆ. ಪಾತ್ರವನ್ನು ಕತ್ತರಿಸಿ, ಕೈಗಳನ್ನು ಬೇರೆ ಮಾಡಿ ದಾರದಿಂದ ಜೋಡಿಸಿ, ತೆಂಗಿನ ಗರಿಯ ಕಡ್ಡಿ ಕಟ್ಟಿ. ಬಿಳಿ ಪಂಚೆಯೇ ಪರದೆ. ಹಿಂದಿನಿಂದ ಟಾರ್ಚ್ ಹಿಡಿಯಿರಿ. ಎಣ್ಣೆ ಕಾಗದದ ಬಳಿ ಮೇಣದಬತ್ತಿಯಾಗಲಿ ದೀಪವಾಗಲಿ ಖಂಡಿತ ಬೇಡ. ಅಚ್ಚಿನ ಮಿಕ್ಕಿಯ ಎದುರಿಗೆ ಮಗುವೇ ಬರೆದ ಕಿಳ್ಳೇಕ್ಯಾತ ನಿಂತರೆ ಸಂಭಾಷಣೆ ತಾನಾಗಿ ಹುಟ್ಟುತ್ತದೆ.

ಕೆಂಪು ಕುದುರೆ, ಹಳದಿ ಆನೆ

‘ಆನೆ ಎಲ್ಲಾದರೂ ಹಳದಿ ಇರುತ್ತದೆಯೇ?’ ಎಂದು ಗದರುವ ತಂದೆತಾಯಿಯರು ಒಮ್ಮೆ ಚನ್ನಪಟ್ಟಣದ ಅಂಗಡಿಗಳನ್ನು ನೋಡಬೇಕು. ಅಲ್ಲಿನ ಮರದ ಕುದುರೆ ಕೆಂಪಗೆ, ಹಳದಿಯಾಗಿ ಹೊಳೆಯುತ್ತದೆ; ಯಾರೂ ತಕರಾರು ಎತ್ತುವುದಿಲ್ಲ. ಆಲೆ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಕಡೆದು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗರಿಯಿಂದ ಉಜ್ಜಿದಾಗ ಮಿರುಗು ಬರುತ್ತದೆ. ಅರಿಶಿನದ ಹಳದಿ, ನೀಲಿಗಿಡದ ನೀಲಿ ಮುಂತಾದ ಸಸ್ಯಜನ್ಯ ಬಣ್ಣಗಳನ್ನೂ ಈ ಕಸುಬಿನಲ್ಲಿ ಬಳಸುತ್ತಾರೆ.

ಬಣ್ಣವನ್ನು ಅಡುಗೆಮನೆಯಲ್ಲೂ ಹುಡುಕಬಹುದು. ಬೀಟ್‌ರೂಟ್ ರಸ, ಪಾಲಕ್ ಸೊಪ್ಪಿನ ರಸ, ಗಟ್ಟಿ ಟೀ ಡಿಕಾಕ್ಷನ್ – ಮೂರೂ ಕುಂಚಕ್ಕೆ ಒಗ್ಗುತ್ತವೆ. ಅರಿಶಿನದ ನೀರು ಬಳಿದು ಒಣಗಿಸಿದ ಹಾಳೆಯ ಮೇಲೆ ಸಾಬೂನಿನ ನೀರಿನಿಂದ ಗೆರೆ ಎಳೆದರೆ ಕೆಂಪು ಗೆರೆ ಮೂಡುತ್ತದೆ. ಮೇಲೆ ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವುದರ ಗುಟ್ಟೂ ಇದೇ. ವಿಜ್ಞಾನದ ಪಾಠದಲ್ಲಿ ಆಮ್ಲ, ಪ್ರತ್ಯಾಮ್ಲ ಎಂದು ಉರುಹೊಡೆಯುವ ವಿದ್ಯಾರ್ಥಿಗೆ ಛೋಟಾ ಭೀಮನ ಪಂಚೆಯಲ್ಲೇ ಪ್ರಯೋಗ ಮುಗಿಯುತ್ತದೆ.

ವಯಸ್ಸಿಗೆ ತಕ್ಕ ಆಟ

ಮೂರು–ನಾಲ್ಕು ವರ್ಷದವರಿಗೆ ದಪ್ಪ ಗೆರೆಯ ದೊಡ್ಡ ಚಿತ್ರ, ದಪ್ಪ ಬಣ್ಣದ ಕಡ್ಡಿ ಕೊಡಿ. ಗೆರೆ ದಾಟಿದರೆ ದಾಟಲಿ. ಐದರಿಂದ ಏಳು ವರ್ಷದವರಿಗೆ ಚಿತ್ರವನ್ನು ನಡುವೆ ಕತ್ತರಿಸಿ ಅರ್ಧವನ್ನು ಅಂಟಿಸಿ ಕೊಟ್ಟು, ಉಳಿದರ್ಧವನ್ನು ಬರೆಯಲು ಹೇಳಿ. ಅದಕ್ಕಿಂತ ದೊಡ್ಡವರಿಗೆ ಚಿತ್ರಕಥೆ, ತೊಗಲುಗೊಂಬೆಯ ಆಟ. ಹೈಸ್ಕೂಲಿನವರು ಸಣ್ಣ ಹಾಳೆಗಳ ಕಟ್ಟಿನ ಮೇಲೆ ಪಾತ್ರದ ಕೈಯನ್ನು ಹಾಳೆಯಿಂದ ಹಾಳೆಗೆ ಚೂರು ಚೂರು ಮೇಲೆತ್ತಿ ಬರೆದು, ಸರಸರನೆ ಹಾಳೆ ಬಿಟ್ಟರೆ ಕೈ ಆಡುತ್ತದೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಹೀಗೆಯೇ ಓಡುತ್ತವೆ.

ಪ್ರತಿ ಹಾಳೆಯ ಹಿಂಬದಿ ಖಾಲಿ ಇರುತ್ತದೆ ಎಂಬುದು ನೆನಪಿರಲಿ. ಮುಂದೆ ಅಚ್ಚಿನ ಚಿತ್ರ, ಹಿಂದೆ ಮಗುವಿನ ಸ್ವಂತ ಚಿತ್ರ ಎಂಬ ನಿಯಮವಿಟ್ಟರೆ ಕಾಗದವೂ ಉಳಿಯುತ್ತದೆ, ಕಲ್ಪನೆಯೂ ಉಳಿಯುತ್ತದೆ.

ಬಹುಮಾನಕ್ಕಿಂತ ಮಾತು ಮುಖ್ಯ

ಚಿತ್ರ ಮುಗಿದೊಡನೆ ‘ಚೆನ್ನಾಗಿದೆ’ ಎಂದು ಹೇಳಿ ಮುಗಿಸಬೇಡಿ. ಪಕ್ಕದ ಮನೆಯ ಮಗುವಿನ ಚಿತ್ರದೊಂದಿಗೆ ಹೋಲಿಸಲೂಬೇಡಿ. ‘ಇವನಿಗೆ ಈ ಬಣ್ಣ ಏಕೆ ಹಾಕಿದೆ?’ ಎಂದು ಪ್ರೀತಿಯಿಂದ ಕೇಳಿ. ಉತ್ತರದಲ್ಲಿ ಒಂದು ಕಥೆಯೇ ಇರಬಹುದು.

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಬಾಲ್ಯದಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಚಿತ್ರ ಬರೆಯುತ್ತಿದ್ದರು. ತರಗತಿಯಲ್ಲಿ ಅವರು ಬರೆದ ಅರಳಿ ಎಲೆಯನ್ನು ಮೆಚ್ಚಿ ಮೇಷ್ಟ್ರು ಆಡಿದ ಒಳ್ಳೆಯ ಮಾತು ಅವರ ಮನಸ್ಸಿನಲ್ಲಿ ಉಳಿಯಿತು. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. ಆದರೂ ‘ಶ್ರೀಸಾಮಾನ್ಯ’ನ ಗೆರೆಗಳು ಇಡೀ ದೇಶಕ್ಕೆ ಪರಿಚಿತವಾದವು. ಆ ಗೆರೆ ಅವರಿಗೆ ಯಾವ ಅಚ್ಚಿನ ಹಾಳೆಯಿಂದಲೂ ಬಂದದ್ದಲ್ಲ. ಕಣ್ಣಾರೆ ಕಂಡದ್ದನ್ನು ಬರೆದು ಬರೆದು ಬಂದದ್ದು.

ಎಲ್ಲ ಮಕ್ಕಳೂ ಲಕ್ಷ್ಮಣ್ ಆಗಬೇಕಿಲ್ಲ. ಆದರೆ ಇನ್ನೊಬ್ಬರ ಗೆರೆಗೆ ಬಣ್ಣ ತುಂಬುತ್ತಲೇ ತನ್ನದೊಂದು ಗೆರೆ ಎಳೆಯುವ ಧೈರ್ಯ ಪ್ರತಿ ಮಗುವಿಗೂ ಬರಬೇಕು. ಈ ಭಾನುವಾರ ಮಗುವಿಗೆ ಒಂದು ಕಾರ್ಟೂನ್ ಹಾಳೆ ಕೊಡಿ. ಜೊತೆಗೆ ಮರೆಯದೆ ಒಂದು ಖಾಲಿ ಹಾಳೆಯನ್ನೂ ಕೊಡಿ.