ಬೂಷ್ಟಿಗೆ ಯಾವ ಸಕ್ಕರೆ ಇಷ್ಟ?

ಹಳೆಯ ಬ್ರೆಡ್ ನೋಡಿ ಅಮ್ಮ "ಬೂಷ್ಟು ಬಂದಿದೆ, ಬಿಸಾಕು" ಅನ್ನುವುದನ್ನು ನೀವು ಕೇಳಿರುತ್ತೀರಿ. ಪುಸ್ತಕದ ಕನ್ನಡದಲ್ಲಿ ಅದೇ ಶಿಲೀಂಧ್ರ. ಅದರ ಮೈಯೆಂದರೆ ಕೂದಲಿಗಿಂತ ತೆಳುವಾದ ಎಳೆಗಳ ಬಲೆ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಕಿಣ್ವಗಳನ್ನು ಹೊರಗೆ ಬಿಟ್ಟು, ಆಹಾರವನ್ನು ಅಲ್ಲೇ ಕರಗಿಸಿ, ಒಳಗೆ ಹೀರಿಕೊಳ್ಳುತ್ತದೆ.

ಆದ್ದರಿಂದ ಸಕ್ಕರೆ ಯಾವುದು ಎನ್ನುವುದು ಮುಖ್ಯ. ಗ್ಲೂಕೋಸ್ ಸಿದ್ಧ ಊಟವಿದ್ದಂತೆ, ನೇರವಾಗಿ ಒಳಗೆ ಹೋಗುತ್ತದೆ. ನಾವು ಕಾಫಿಗೆ ಹಾಕುವ ಸಕ್ಕರೆಯನ್ನು ಸಾಮಾನ್ಯವಾಗಿ ಮೊದಲು ಒಡೆಯಬೇಕು. ಹಾಲಿನಲ್ಲಿರುವ ಲ್ಯಾಕ್ಟೋಸ್ ಇನ್ನೂ ನಿಧಾನ. ಬ್ರೆಡ್ಡಿನ ಯೀಸ್ಟ್‌ಗಂತೂ ಅದು ದಕ್ಕುವುದೇ ಇಲ್ಲ.

ಸಕ್ಕರೆಗೆ ತಕ್ಕಂತೆ ರೂಪವೂ ಬದಲಾಗುತ್ತದೆ. ಊಟ ಧಾರಾಳವಾಗಿದ್ದರೆ ಎಳೆಗಳು ಕವಲೊಡೆದು ಒತ್ತಾಗಿ ಹೆಣೆದುಕೊಳ್ಳುತ್ತವೆ. ಕಡಿಮೆಯಾದರೆ ಕವಲು ವಿರಳವಾಗಿ, ಎಳೆಗಳು ಆಹಾರ ಹುಡುಕುತ್ತಾ ದೂರ ಚಾಚುತ್ತವೆ. ಪೂರ್ತಿ ಮುಗಿದರೆ ಅನೇಕ ಜಾತಿಗಳು ಬೀಜಕಗಳನ್ನು ಬಿಟ್ಟು ಬೇರೆ ಊರು ಹುಡುಕುತ್ತವೆ! ಹಾಗಂತ ಸಕ್ಕರೆ ವಿಪರೀತವಾದರೂ ಕಷ್ಟವೇ. ಅದು ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಜಾಮ್ ಬೇಗ ಕೆಡದಿರುವುದು ಇದರಿಂದಲೇ.

ಇದರಿಂದ ನಮಗೇನು ಅಂತೀರಾ? 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸೋಂಕು ತಗಲಿದ್ದ ಒಬ್ಬ ಪೊಲೀಸನಿಗೆ ಪೆನಿಸಿಲಿನ್ ಕೊಟ್ಟರು. ಆತ ಚೇತರಿಸಿಕೊಳ್ಳತೊಡಗಿದ. ಅಷ್ಟರಲ್ಲಿ ಔಷಧಿ ಮುಗಿದುಹೋಯಿತು, ಆತ ಉಳಿಯಲಿಲ್ಲ. ಬೂಷ್ಟು ಕೊಡುತ್ತಿದ್ದುದೇ ಅಷ್ಟು ಕಡಿಮೆ.

ಅದೇ ವರ್ಷ ಹೋವರ್ಡ್ ಫ್ಲೋರಿ ಮತ್ತು ನಾರ್ಮನ್ ಹೀಟ್ಲಿ ಸಹಾಯ ಕೇಳಿ ಅಮೆರಿಕಕ್ಕೆ ಬಂದರು. ಇಲಿನಾಯ್‌ನ ಪಿಯೋರಿಯಾದ ಸರ್ಕಾರಿ ಪ್ರಯೋಗಾಲಯದಲ್ಲಿ ಆಂಡ್ರ್ಯೂ ಮೋಯರ್ ಹಳೆಯ ಸಕ್ಕರೆಯ ಬದಲು ಲ್ಯಾಕ್ಟೋಸ್ ಹಾಕಿದರು. ಮೆಕ್ಕೆಜೋಳದ ಪಿಷ್ಟ ತೆಗೆಯುವಾಗ ಉಳಿಯುವ ಗಟ್ಟಿ ದ್ರವವನ್ನೂ ಸೇರಿಸಿದರು. ಇಳುವರಿ ಹಲವು ಪಟ್ಟು ಏರಿತು.

ಕಾರಣ ಸರಳ. ಗ್ಲೂಕೋಸ್ ತುಂಬಿದ್ದಾಗ ಬೂಷ್ಟು ಮೈ ಬೆಳೆಸುವುದರಲ್ಲೇ ಮಗ್ನ, ಪೆನಿಸಿಲಿನ್ ಕೆಲಸ ಹಿಂದೆ ಬೀಳುತ್ತದೆ. ಲ್ಯಾಕ್ಟೋಸ್ ನಿಧಾನವಾಗಿ ಕರಗುವುದರಿಂದ ಬೂಷ್ಟಿಗೆ ಅರೆಹೊಟ್ಟೆ. ಪೆನಿಸಿಲಿನ್ ತಯಾರಾಗುವುದು ಆಗಲೇ. ಮುಂದೆ ಕಾರ್ಖಾನೆಗಳು ಗ್ಲೂಕೋಸನ್ನೇ ಸ್ವಲ್ಪ ಸ್ವಲ್ಪವಾಗಿ ಬಿಡುವುದನ್ನು ಕಲಿತವು.

ಈ ವಾರಾಂತ್ಯ ನೀವೇ ನೋಡಿ. ಮೂರು ಲೋಟಗಳಲ್ಲಿ ಅರ್ಧರ್ಧ ಉಗುರುಬೆಚ್ಚಗಿನ ನೀರು, ಒಂದೊಂದು ಚಮಚ ಯೀಸ್ಟ್. ಮೊದಲನೆಯದಕ್ಕೆ ಸಕ್ಕರೆ ಬೇಡ, ಎರಡನೆಯದಕ್ಕೆ ಒಂದು ಚಮಚ, ಮೂರನೆಯದಕ್ಕೆ ಹತ್ತು. ಯಾವುದರಲ್ಲಿ ನೊರೆ ಮೊದಲು ಏಳುತ್ತದೆ? ಊಹೆಯನ್ನು ಮೊದಲೇ ಬರೆದಿಡಿ. ಲೋಟ ತೊಳೆಯುವುದನ್ನು ಮಾತ್ರ ಅಮ್ಮನಿಗೆ ಬಿಡಬೇಡಿ.