ಮಣಿಕಟ್ಟಿನಿಂದ ಮಿದುಳಿಗೆ

ಮಿದುಳಿನ ರಕ್ತನಾಳ ಉಬ್ಬಿಕೊಂಡಿದೆ ಎಂದರೆ ಈಗ ಪ್ರತಿ ಸಲವೂ ತಲೆಬುರುಡೆ ತೆರೆಯಬೇಕಾಗಿಲ್ಲ. ಕ್ಯಾಥೆಟರ್ ಎಂಬ ಸಪೂರ ಕೊಳವೆಯನ್ನು ಅಪಧಮನಿಯೊಳಗೆ ಬಿಟ್ಟು ಮಿದುಳಿನವರೆಗೂ ನಡೆಸುತ್ತಾರೆ. ಬಹುಕಾಲ ಅದಕ್ಕೆ ಬಾಗಿಲಾಗಿದ್ದುದು ತೊಡೆಸಂದು. ಈಚಿನ ವರ್ಷಗಳಲ್ಲಿ ಅನೇಕ ತಜ್ಞರು ನಾಡಿ ಹಿಡಿದು ನೋಡುವ ಜಾಗಕ್ಕೇ, ಮಣಿಕಟ್ಟಿಗೆ, ಬಂದಿದ್ದಾರೆ.

ಈ ಹಾದಿ ತೋರಿಸಿದವರು ಹೃದ್ರೋಗ ತಜ್ಞರು. ಮಣಿಕಟ್ಟಿನ ರೇಡಿಯಲ್ ಅಪಧಮನಿಯ ಮೂಲಕ ಹೃದಯದ ಆಂಜಿಯೋಗ್ರಾಂ ಮಾಡಿದ ಅನುಭವವನ್ನು ಕೆನಡಾದ ಲೂಸಿಯನ್ ಕಾಂಪೋ 1989ರಲ್ಲಿ ಪ್ರಕಟಿಸಿದರು. ಈ ದಾರಿಯ ಲಾಭ ಸರಳವಾದದ್ದು. ತೊಡೆಯ ನಾಳ ಸೋರಿದರೆ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಕಣ್ಣಿಗೆ ಬೀಳದೆ ತುಂಬಿಕೊಳ್ಳಬಹುದು. ಮಣಿಕಟ್ಟಿನಲ್ಲಿ ನಾಳ ಮೂಳೆಯ ಮೇಲೇ ಇರುವುದರಿಂದ ಸೋರಿಕೆ ಕಾಣುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ರೋಗಿ ಗಂಟೆಗಟ್ಟಲೆ ಕಾಲು ಅಲುಗಿಸದೆ ಮಲಗುವ ಕಷ್ಟವೂ ತಪ್ಪುತ್ತದೆ.

ಆದರೆ ಈ ನಾಳ ಹೆಚ್ಚಿನವರಲ್ಲಿ 2ರಿಂದ 3 ಮಿಲಿಮೀಟರ್ ಅಗಲ, ಅಷ್ಟೆ. ಎಲ್ಲರಲ್ಲೂ ಅದು ಒಂದೇ ರೀತಿ ಹರಿಯುವುದೂ ಇಲ್ಲ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 1,540 ರೋಗಿಗಳ ಪೈಕಿ ಸುಮಾರು ನೂರಕ್ಕೆ 14 ಮಂದಿಯಲ್ಲಿ ವ್ಯತ್ಯಾಸ ಕಂಡಿತು. ಮೊಣಕೈ ಬಳಿ ಕವಲೊಡೆಯಬೇಕಾದ ನಾಳ ಕೆಲವರಲ್ಲಿ ತೋಳಿನ ಮೇಲ್ಭಾಗದಲ್ಲೇ ಕವಲೊಡೆದು ಸಣ್ಣದಾಗಿ ಇಳಿದಿರುತ್ತದೆ. ಕೆಲವರಲ್ಲಿ ಹಾವಿನಂತೆ ಅಂಕುಡೊಂಕು. ನೂರಕ್ಕೆ ಇಬ್ಬರಲ್ಲಿ ಮೊಣಕೈ ಹತ್ತಿರ ಪೂರ್ತಿ ಸುತ್ತು ಹಾಕಿಕೊಂಡ ಕುಣಿಕೆ. ಆ ಅಧ್ಯಯನದಲ್ಲಿ ಹೆಚ್ಚು ಕಾಡಿದ್ದು ಈ ಕುಣಿಕೆಯೇ. ಅದಿದ್ದವರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಮಣಿಕಟ್ಟಿನ ದಾರಿ ಕೈಕೊಟ್ಟಿತು.

ಕುಣಿಕೆಯ ತುದಿಯಿಂದ ಸಣ್ಣದೊಂದು ಕವಲು ತೋಳಿನ ಕಡೆಗೆ ಹೊರಡುವುದುಂಟು. ಕ್ಯಾಥೆಟರ್‌ಗೆ ದಾರಿ ಮಾಡುತ್ತ ಮುಂದೆ ಸಾಗುವ ಸಣ್ಣ ತಂತಿ, ಅಂದರೆ ವೈರ್, ನೇರವಾಗಿ ಅದರೊಳಕ್ಕೇ ನುಗ್ಗುತ್ತದೆ. ಬಲವಂತ ಮಾಡಿದರೆ ಕವಲು ಹರಿದು, ಮುಂಗೈಯೊಳಗೆ ರಕ್ತ ತುಂಬಿ, ಸ್ನಾಯುಗಳೇ ಅದುಮಿಹೋಗುವ ಅಪಾಯವಿದೆ. ಆದ್ದರಿಂದ ನುರಿತವರು ವೈರ್ ತಡೆದೊಡನೆ ಕೈ ನಿಲ್ಲಿಸುತ್ತಾರೆ, ಸ್ವಲ್ಪ ಡೈ ಬಿಟ್ಟು ಕೈಯ ನಾಳದ ಚಿತ್ರ ನೋಡುತ್ತಾರೆ. ಕೆಲವರು ತಡೆಗೆ ಕಾಯದೆ ಮೊದಲೇ ಈ ಚಿತ್ರ ತೆಗೆಯುತ್ತಾರೆ. ಅರ್ಧ ನಿಮಿಷವೂ ಹಿಡಿಯದ ಆ ಚಿತ್ರವನ್ನು ಯಾರೂ ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಕುಣಿಕೆ ಅಗಲವಾಗಿದ್ದರೆ ಕೂದಲೆಳೆಯಷ್ಟು ಮೃದುವಾದ ವೈರನ್ನು ಸೂಕ್ಷ್ಮ ಕ್ಯಾಥೆಟರ್ ಜತೆ ಅದರ ಸುತ್ತ ನಡೆಸಿ, ದಾಟಿದ ಮೇಲೆ ಮೆಲ್ಲನೆ ಹಿಂದಕ್ಕೆ ಎಳೆದರೆ ಸುತ್ತು ಬಿಚ್ಚಿ ನೇರವಾಗುತ್ತದೆ. ನಾಳ ಸೆಟೆದು ಕ್ಯಾಥೆಟರನ್ನು ಬಿಗಿಹಿಡಿದರೆ ನಾಳ ಸಡಿಲಿಸುವ ನೈಟ್ರೋಗ್ಲಿಸರಿನ್, ವೆರಾಪಮಿಲ್ ಔಷಧಿ ಕೊಟ್ಟು, ನೋವು ತಗ್ಗಿಸಿ ಕಾಯುತ್ತಾರೆ, ಜಗ್ಗುವುದಿಲ್ಲ. ನಾಳಕ್ಕೆ ರಂಧ್ರವೇ ಬಿದ್ದರೂ ಎಲ್ಲವನ್ನೂ ಗಾಬರಿಯಿಂದ ಹೊರಗೆಳೆಯುವಂತಿಲ್ಲ. ಎಷ್ಟೋ ಸಲ ಆ ಜಾಗ ದಾಟಿಸಿದ ಕ್ಯಾಥೆಟರೇ ರಂಧ್ರವನ್ನು ಒಳಗಿನಿಂದ ಮುಚ್ಚಿ ರಕ್ತ ನಿಲ್ಲಿಸುತ್ತದೆ.

ಪಾರ್ಶ್ವವಾಯುವಿನಲ್ಲಿ ಲೆಕ್ಕ ಬೇರೆ. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುವಾಗ ಪ್ರತಿ ನಿಮಿಷವೂ ಜೀವಕೋಶಗಳು ಸಾಯುತ್ತಿರುತ್ತವೆ. ಆಗ ಮುಂಗೈಯ ಕುಣಿಕೆಯೊಡನೆ ಹೆಣಗುವುದು ತಪ್ಪು. ತಡಮಾಡದೆ ತೊಡೆಗೆ ಹೋಗಬೇಕು. ಹಾಗೆ ದಾರಿ ಬದಲಿಸುವುದನ್ನು ಸೋಲೆಂದು ಭಾವಿಸುವ ವೈದ್ಯರಿಗಿಂತ, ಎರಡೂ ದಾರಿಗೆ ಮೊದಲೇ ಸಿದ್ಧತೆ ಮಾಡಿಟ್ಟುಕೊಂಡವರ ಕೈಯಲ್ಲಿ ರೋಗಿ ಹೆಚ್ಚು ಸುರಕ್ಷಿತ.

ನಿಮಗೋ ನಿಮ್ಮವರಿಗೋ ಇಂಥ ಚಿಕಿತ್ಸೆ ನಿಗದಿಯಾಗಿದ್ದರೆ, ಹಿಂದೆ ಆ ಕೈಯಿಂದ ಆಂಜಿಯೋಗ್ರಾಂ ಆಗಿದೆಯೇ, ಡಯಾಲಿಸಿಸ್‌ಗಾಗಿ ಆ ಕೈಯ ನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆಯೇ ಎಂಬುದನ್ನು ಮೊದಲೇ ಹೇಳಿ. ಮುಗಿದ ಮೇಲೆ ಮುಂಗೈ ಬಿಗಿದು ಊದಿದರೆ, ಬೆರಳು ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ನರ್ಸ್‌ ಅನ್ನು ಕರೆಯಿರಿ.